ಗಿಟಾರು ಗುಂಯ್‌ಗುಟ್ಟಿದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಗಿಟಾರ್ ಮತ್ತು ಬೇಸ್ ವಾದಕರು ಬರೆದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು: ಆಂಪ್ (ಆಂಪ್ಲಿಫೈಯರ್) ಹಚ್ಚಿದ ಕೂಡಲೇ ಗದ್ದಲ. ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಬದಲಿಸಲೇ, ದುಬಾರಿ ಕೇಬಲ್ ತರಲೇ ಎಂದು ಎಲ್ಲರೂ ಕೇಳಿದ್ದಾರೆ. ಗದ್ದಲ ಯಾವ ದಾರಿಯಲ್ಲಿ ಒಳಗೆ ನುಗ್ಗುತ್ತಿದೆ ಎಂದು ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ. ಅದನ್ನು ಪತ್ತೆ ಮಾಡುವ ಕೆಲಸಕ್ಕೆ ಕಿವಿ, ಸಾಧಾರಣ ಮಲ್ಟಿಮೀಟರ್ ಮತ್ತು ಅರ್ಧ ಗಂಟೆ ಸಾಕು.

ಪ್ರಶ್ನೆ: ನನ್ನದು ಮೂರು ಸಿಂಗಲ್ ಕಾಯಿಲ್ ಪಿಕಪ್ ಇರೋ ಸ್ಟ್ರಾಟ್ ಮಾದರಿ ಗಿಟಾರು. ರೂಮಿನ್ಯಾಗ ಆಂಪ್ ಹಚ್ಚಿದ್ರ ಗುಂಯ್ ಅಂತದ. ತಂತಿ ಮುಟ್ಟಿದ್ರ ಸ್ವಲ್ಪ ಕಡಿಮಿ ಆಗ್ತದ, ಬ್ಯಾರೆ ಕಡಿ ತಿರುಗಿ ಕುಂತ್ರ ಇನ್ನೂ ಕಡಿಮಿ. ಅಂಗಡಿಯವರು ಪಿಕಪ್ ಬದಲಿ ಮಾಡ್ರಿ ಅಂತಾರ. ಮಾಡಬೇಕೇನ್ರಿ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಎರಡು ಒಳ್ಳೆಯ ಸುಳಿವುಗಳಿವೆ, ಅವುಗಳ ಬಗ್ಗೆ ಆಮೇಲೆ ಹೇಳುತ್ತೇವೆ. ಮೊದಲು ಈ ಪರೀಕ್ಷೆ ಮಾಡಿ. ಆಂಪ್‌ನ ವಾಲ್ಯೂಮ್ ನೀವು ನುಡಿಸುವಷ್ಟೇ ಇರಲಿ, ಕೇಬಲನ್ನು ಆಂಪ್‌ನಿಂದ ಪೂರ್ತಿ ಕಿತ್ತುಬಿಡಿ. ಹೆಚ್ಚಿನ ಆಂಪ್‌ಗಳಲ್ಲಿ ಪ್ಲಗ್ ತೆಗೆದಾಗ ಇನ್‌ಪುಟ್ ತಾನಾಗಿಯೇ ಗ್ರೌಂಡಿಗೆ ಸೇರುತ್ತದೆ. ಆಗಲೂ ಗುಂಯ್ ಅಂದರೆ ತೊಂದರೆ ಆಂಪ್‌ನಲ್ಲಿ ಇಲ್ಲವೇ ಅದಕ್ಕೆ ಬರುವ ಕರೆಂಟಿನಲ್ಲಿದೆ, ಗಿಟಾರಿನದೇನೂ ತಪ್ಪಿಲ್ಲ. ಸದ್ದು ನಿಂತರೆ ಕೇಬಲನ್ನು ಗಿಟಾರಿಗೂ ಆಂಪ್‌ಗೂ ಸಿಕ್ಕಿಸಿ ಗಿಟಾರಿನ ವಾಲ್ಯೂಮನ್ನು ಸೊನ್ನೆಗೆ ಇಳಿಸಿ. ಸೊನ್ನೆಯಲ್ಲೂ ಗದ್ದಲವಿದ್ದರೆ ಕೇಬಲ್ ಅಥವಾ ಜ್ಯಾಕ್ ನೋಡಬೇಕು. ಸೊನ್ನೆಗೆ ಬಂದಾಗ ಹೋಗಿ, ಏರಿಸಿದಾಗ ಬಂದರೆ ಅದು ಪಿಕಪ್ ಮತ್ತು ಒಳಗಿನ ವೈರಿಂಗ್ ಹಿಡಿದ ಗದ್ದಲ. ಕೇಬಲಿನ ಇನ್ನೊಂದು ತುದಿಯನ್ನು ಗಾಳಿಯಲ್ಲಿ ಬಿಟ್ಟು ಪರೀಕ್ಷೆ ಮಾಡುವವರಿದ್ದಾರೆ. ಬಿಟ್ಟ ತುದಿ ಯಾವಾಗಲೂ ಝರ್ರ್ ಎನ್ನುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಇನ್ನು ನಿಮ್ಮ ಎರಡು ಸುಳಿವು. ಗಿಟಾರಿಗೆ ಹೊರಗಿನ ಗದ್ದಲ ಎರಡು ಬಗೆಯಲ್ಲಿ ಸೇರುತ್ತದೆ. ಒಂದು ವಿದ್ಯುತ್ ಕ್ಷೇತ್ರದ ಮೂಲಕ: ಗೋಡೆಯೊಳಗಿನ ವೈರು, ಎಲ್‌ಇಡಿ ಬಲ್ಬು, ಡಿಮ್ಮರ್ ಇವುಗಳಿಂದ ಬಂದದ್ದು ನಿಮ್ಮ ಮೈಯಲ್ಲಿ ಸೇರಿ, ಮೈಯಿಂದ ಪಿಕಪ್‌ಗೆ ದಾಟುತ್ತದೆ. ಇದು ಹರಿತವಾದ ಝರ್ರ್ ಸದ್ದು. ತಂತಿ ಮುಟ್ಟಿದಾಗ ನಿಮ್ಮ ಮೈ ಗ್ರೌಂಡಿಗೆ ಸೇರುವುದರಿಂದ ಇಳಿಯುತ್ತದೆ. ಮುಟ್ಟಿದರೆ ಕಡಿಮೆಯಾಗುವುದು ದೋಷವಲ್ಲ, ತಂತಿಯ ಗ್ರೌಂಡ್ ಸರಿಯಾಗಿದೆ ಎಂಬುದಕ್ಕೆ ಪುರಾವೆ. ಇನ್ನೊಂದು ಕಾಂತಕ್ಷೇತ್ರದ ಮೂಲಕ: ಟ್ರಾನ್ಸ್‌ಫಾರ್ಮರ್, ಮೋಟಾರ್, ಟ್ಯೂಬ್‌ಲೈಟಿನ ಹಳೆಯ ಚೋಕ್. ಸಿಂಗಲ್ ಕಾಯಿಲ್ ಪಿಕಪ್ ಎಂದರೆ 0.063 ಮಿ.ಮೀ. ದಪ್ಪದ ತಾಮ್ರದ ತಂತಿಯನ್ನು ಸುಮಾರು 8,000 ಸುತ್ತು ಸುತ್ತಿದ ಸುರುಳಿ. ತಂತಿಯ ಕಂಪನವನ್ನು ಹಿಡಿಯುವ ಹಾಗೆಯೇ ಇವುಗಳ 50 ಹರ್ಟ್ಸ್ ಕ್ಷೇತ್ರವನ್ನೂ ಅದು ಹಿಡಿಯುತ್ತದೆ. ಇದು ದಪ್ಪನೆಯ ಗುಂಯ್, ತಿರುಗಿ ಕುಳಿತರೆ ಏರಿಳಿಯುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ: ತಾಮ್ರದ ಹಾಳೆ ಮೊದಲನೆಯದನ್ನು ತಡೆಯುತ್ತದೆ, ಎರಡನೆಯದಕ್ಕೆ ಅದು ಏನೂ ಮಾಡಲಾರದು. ನಿಮ್ಮ ಕೋಣೆಯಲ್ಲಿ ಎರಡೂ ಇವೆ.

ಮೂಲ ಹುಡುಕುವುದು ಸುಲಭ. ಗಿಟಾರನ್ನು ಕೊರಳಿಗೆ ಹಾಕಿಕೊಂಡು, ಮನೆಯ ವಸ್ತುಗಳನ್ನು ಒಂದೊಂದಾಗಿ ಬಂದ್ ಮಾಡಿಸುತ್ತ ಕೇಳಿ. ನಮ್ಮ ಕಡೆ ಬೇಸಿಗೆಯಲ್ಲಿ ಮೊದಲ ಅನುಮಾನ ಕೂಲರ್ ಮೇಲೆ. ಅದರಲ್ಲಿ ಫ್ಯಾನಿನ ಮೋಟಾರ್ ಒಂದು, ನೀರೆತ್ತುವ ಪಂಪ್ ಒಂದು. ಎರಡನೆಯದು ಫ್ರಿಜ್ ಅಥವಾ ಏಸಿಯ ಸ್ಟೆಬಿಲೈಜರ್. ಗೋಡೆಯ ಆಚೆ ಇದ್ದರೂ ಬಿಡುವುದಿಲ್ಲ, ಏಕೆಂದರೆ ಇಟ್ಟಿಗೆ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಇಂಥ ಕ್ಷೇತ್ರ ದೂರ ಹೋದಂತೆ ಬಲು ಬೇಗ ಸೊರಗುತ್ತದೆ. ದೂರ ಇಮ್ಮಡಿಯಾದರೆ ಹೆಚ್ಚುಕಡಿಮೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಕುರ್ಚಿಯನ್ನು ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿಸುವುದೇ ದೊಡ್ಡ ಚಿಕಿತ್ಸೆ. ನಿಮ್ಮ ಸ್ವಂತ ಆಂಪ್‌ನ ಟ್ರಾನ್ಸ್‌ಫಾರ್ಮರನ್ನೂ ಮರೆಯಬೇಡಿ. ಆಂಪ್‌ನ ಮೇಲೆಯೇ ಕುಳಿತು ನುಡಿಸುವ ರೂಢಿ ಹಲವರಿಗಿದೆ.

ಫ್ಯಾನ್ ರೆಗ್ಯುಲೇಟರ್ ಬೇರೆಯೇ ಕಥೆ. ಗುಂಡಿ ತಿರುಗಿಸಿದಂತೆ ನಯವಾಗಿ ವೇಗ ಬದಲಾಗುವ ರೆಗ್ಯುಲೇಟರ್‌ನಲ್ಲಿ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ಅದು ಸೆಕೆಂಡಿಗೆ 100 ಬಾರಿ ಕರೆಂಟನ್ನು ಕತ್ತರಿಸುವುದರಿಂದ ಝರ್ರ್ ಹುಟ್ಟುತ್ತದೆ. ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟಾಗ ಸದ್ದು ಇಳಿದರೆ ಅಪರಾಧಿ ಅದೇ. ಟಕ್ ಟಕ್ ಎಂದು ಹಂತಹಂತವಾಗಿ ತಿರುಗುವ, ಕೆಪಾಸಿಟರ್ ಇರುವ ರೆಗ್ಯುಲೇಟರ್ ಹಾಕಿಸಿ, ಈ ಗದ್ದಲ ಮುಗಿಯಿತು.

ಇಷ್ಟಾದ ಮೇಲೂ ಉಳಿದರೆ, ಗಿಟಾರಿನ ಪಿಕಪ್ ಆಯ್ಕೆಯ ಸ್ವಿಚ್ಚಿನ 2 ಮತ್ತು 4ನೇ ಸ್ಥಾನ (ಎರಡು ಪಿಕಪ್ ಒಟ್ಟಿಗೆ ನುಡಿಯುವ ಜಾಗ) ಪರೀಕ್ಷಿಸಿ. ನಡುವಿನ ಪಿಕಪ್ ತಿರುವುಮುರುವು ಸುತ್ತಿದ್ದಾಗಿದ್ದರೆ ಅಲ್ಲಿ ಗುಂಯ್ ತಾನೇ ಅಳಿಯುತ್ತದೆ. ಹಂಬಕರ್ ಪಿಕಪ್ ನಡೆಯುವುದೂ ಇದೇ ತತ್ವದ ಮೇಲೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದರು. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿಗೆ ಜೋಡಿಸಿ, ಆಯಸ್ಕಾಂತದ ಧ್ರುವವನ್ನೂ ತಿರುಗಿಸಿದರೆ ಹೊರಗಿನ ಗುಂಯ್ ಒಂದನ್ನೊಂದು ಕಳೆಯುತ್ತದೆ, ತಂತಿಯ ಸ್ವರ ಮಾತ್ರ ಕೂಡುತ್ತದೆ. ಪಿಕಪ್ ಕೊಳ್ಳಲೇಬೇಕೆಂದರೆ ಸಿಂಗಲ್ ಕಾಯಿಲ್ ಗಾತ್ರದಲ್ಲೇ ಬರುವ, ಒಂದರ ಮೇಲೊಂದು ಸುರುಳಿ ಇಟ್ಟ ಬಗೆಯನ್ನು ಕೇಳಿ. ಗಿಟಾರಿನ ಮರ ಕೊರೆಯಬೇಕಾಗುವುದಿಲ್ಲ.

ಪ್ರಶ್ನೆ: ಗಿಟಾರಿನ ಒಳಗೆ ತಾಮ್ರದ ಟೇಪ್ ಅಂಟಿಸಬೇಕೆಂದಿದ್ದೇನೆ. ಎಷ್ಟು ಬೇಕು, ಹೇಗೆ ಅಂಟಿಸಬೇಕು? ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ನಡೆಯುತ್ತದೆಯೇ?
— ಹುಮನಾಬಾದ್

ಉತ್ತರ: ಒಂದು ಗಿಟಾರಿಗೆ 50 ಮಿ.ಮೀ. ಅಗಲದ, 5 ಮೀಟರಿನ ಒಂದು ಸುರುಳಿ ಧಾರಾಳ. ಅಂಟಿನ ಮೂಲಕವೂ ಕರೆಂಟ್ ಹರಿಯುವ ಟೇಪನ್ನೇ ಕೇಳಿ ತನ್ನಿ. ಮಾರುವವರ ಮಾತು ನಂಬದೆ ಎರಡು ತುಂಡುಗಳನ್ನು ಹಾಳೆಯ ಮೇಲೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಅಂಟಿಸಿ, ಮಲ್ಟಿಮೀಟರಿನಲ್ಲಿ ಆ ತುದಿಯಿಂದ ಈ ತುದಿಗೆ ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಸರಿ. ಬರದಿದ್ದರೆ ಟೇಪ್ ವ್ಯರ್ಥವೇನಲ್ಲ, ಪ್ರತಿ ಜೋಡಣೆಯ ಮೇಲೂ ಒಂದು ಹನಿ ಬೆಸುಗೆ ಬೇಕಾಗುತ್ತದೆ.

ತಂತಿ ಬಿಚ್ಚಿ, ಪಿಕ್‌ಗಾರ್ಡ್ (ಪಿಕಪ್, ಗುಂಡಿಗಳನ್ನು ಹೊತ್ತ ಮೇಲ್ಮುಚ್ಚಳ) ಎತ್ತುವ ಮೊದಲು ಮೊಬೈಲಿನಲ್ಲಿ ವೈರಿಂಗಿನ ಫೋಟೊ ತೆಗೆದುಕೊಳ್ಳಿ. ಗುಳಿಯ ಧೂಳು ಒರೆಸಿ, ಮೊದಲು ತಳಕ್ಕೆ, ಆಮೇಲೆ ಸುತ್ತಲಿನ ಗೋಡೆಗೆ ಟೇಪ್ ಹಾಕಿ. ಒಂದರ ಮೇಲೊಂದು 5 ಮಿ.ಮೀ.ಯಾದರೂ ಏರಿರಲಿ. ಪಿಕ್‌ಗಾರ್ಡಿನ ಎರಡು ಸ್ಕ್ರೂ ಕೂರುವ ಜಾಗದಲ್ಲಿ ಟೇಪನ್ನು ಗುಳಿಯ ಅಂಚು ದಾಟಿಸಿ ಮೇಲೆ ಮಡಚಿ. ಪಿಕ್‌ಗಾರ್ಡಿನ ಹಿಂಬದಿಗೂ ಟೇಪ್ ಹಾಕಿದ ಮೇಲೆ ಇವೆರಡೂ ಅಲ್ಲಿ ಒತ್ತಿಕೊಂಡು ಡಬ್ಬಿ ಮುಚ್ಚಿದಂತಾಗುತ್ತದೆ. ಗುಳಿಯ ಟೇಪಿನಿಂದ ವಾಲ್ಯೂಮ್ ಪಾಟ್‌ನ (ವಾಲ್ಯೂಮ್ ಗುಂಡಿಯ ಕೆಳಗಿನ ಭಾಗ) ಬೆನ್ನಿಗೆ ಒಂದು ವೈರ್ ಬೆಸೆಯಿರಿ. ಗಿಟಾರಿನ ಒಳಗೇ ಗ್ರೌಂಡ್ ಲೂಪ್ (ಗ್ರೌಂಡಿಗೆ ಎರಡು ದಾರಿಯಾಗಿ ಗದ್ದಲ ಹುಟ್ಟುವುದು) ಆಗಿಬಿಡುತ್ತದೆ ಎಂದು ಹೆದರಿಸುವವರಿದ್ದಾರೆ. ಇಷ್ಟು ಚಿಕ್ಕ ಡಬ್ಬಿಯೊಳಗೆ ಅದು ಲೆಕ್ಕಕ್ಕಿಲ್ಲ.

ಪಾಟ್‌ನ ಬೆನ್ನಿಗೆ ಬೆಸುಗೆ ಹಾಕುವುದೇ ಹೊಸಬರಿಗೆ ಕಷ್ಟ. ಬೆನ್ನನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಹೊಳಪು ತನ್ನಿ. 25 ವ್ಯಾಟ್ ಸೋಲ್ಡರಿಂಗ್ ಐರನ್ನಿನ ಕಾವಿಗೆ ಆ ಲೋಹದ ಮುಚ್ಚಳ ಬೇಗ ಕಾಯುವುದಿಲ್ಲ. ಅದನ್ನೇ ಒತ್ತಿ ಹಿಡಿದು ಕೂತರೆ ಒಳಗಿನ ಇಂಗಾಲದ ಪಟ್ಟಿ ಸುಡುತ್ತದೆ, ಆಮೇಲೆ ವಾಲ್ಯೂಮ್ ತಿರುಗಿಸಿದಾಗ ಕರಕರ. 40ರಿಂದ 60 ವ್ಯಾಟಿನದು, ಚಪ್ಪಟೆ ಮೂತಿಯದು ಬಳಸಿ ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಸಿ. 60/40 ಬೆಸುಗೆ ತಂತಿ ಸಾಕು. ಸಂಜೆ ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಈ ಕೆಲಸವನ್ನು ಬೆಳಿಗ್ಗೆ ಮಾಡಿ: 230 ವೋಲ್ಟಿಗೆ 40 ವ್ಯಾಟ್ ಕೊಡುವ ಸೋಲ್ಡರಿಂಗ್ ಐರನ್ 180 ವೋಲ್ಟಿಗೆ ಸುಮಾರು 25 ವ್ಯಾಟ್ ಮಾತ್ರ ಕೊಡುತ್ತದೆ.

ಎಲ್ಲಾ ಜೋಡಿಸಿದ ಮೇಲೆ ಬರುವ ದೂರು ಒಂದೇ: ಗಿಟಾರ್ ಮೂಕವಾಯಿತು. ಸಿಗ್ನಲ್ ಸಾಗಿಸುವ ವೈರಿನ ಕಾಲು ಎಲ್ಲೋ ತಾಮ್ರಕ್ಕೆ ತಾಗಿದೆ ಎಂದೇ ಅರ್ಥ. ಜ್ಯಾಕಿನ ಗುಳಿ ಇಕ್ಕಟ್ಟು. ಪ್ಲಗ್ ಇಲ್ಲದಾಗ ತಾಗದ ಲೋಹದ ನಾಲಿಗೆ, ಪ್ಲಗ್ ಹೊಕ್ಕಾಗ ಹೊರಗೆ ಬಾಗಿ ಟೇಪಿಗೆ ಮುಟ್ಟುತ್ತದೆ. ಆದ್ದರಿಂದ ಜ್ಯಾಕಿನ ಸುತ್ತಲೂ ಸ್ವಿಚ್ಚಿನ ಪಕ್ಕದಲ್ಲೂ ತಾಮ್ರದ ಮೇಲೆ ಇನ್ಸುಲೇಷನ್ ಟೇಪ್ ಹಾಕಿ. ಪಿಕ್‌ಗಾರ್ಡ್ ಬಿಗಿಯುವ ಮೊದಲೇ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲಿನ ಇನ್ನೊಂದು ತುದಿಯಲ್ಲಿ ಪ್ಲಗ್‌ನ ಮೂತಿಗೂ ಬುಡಕ್ಕೂ ನಡುವೆ ಅಳೆಯಿರಿ. ಸಿಂಗಲ್ ಕಾಯಿಲ್ ಆದರೆ 5ರಿಂದ 7 ಕಿಲೋ ಓಮ್ ಆಸುಪಾಸು ಬರಬೇಕು. ಸೊನ್ನೆ ಬಂದರೆ ಎಲ್ಲೋ ತಾಗಿದೆ, ಏನೂ ಬರದಿದ್ದರೆ ವೈರ್ ಕಿತ್ತಿದೆ. ಬ್ರಿಜ್‌ನಿಂದ (ತಂತಿ ಕೂರುವ ಲೋಹದ ಭಾಗ) ಪ್ಲಗ್‌ನ ಬುಡಕ್ಕೆ ಒಂದು ಓಮ್‌ಗಿಂತ ಕಡಿಮೆ ಇರಬೇಕು.

ಅಡುಗೆಮನೆಯ ಫಾಯಿಲ್ ಗದ್ದಲ ತಡೆಯಬಲ್ಲದು, ಆದರೆ ಅದಕ್ಕೆ ಸಾಮಾನ್ಯ ಬೆಸುಗೆ ಹತ್ತುವುದಿಲ್ಲ, ಜೋಡಣೆಗಳು ದಿನ ಕಳೆದಂತೆ ಸಡಿಲವಾಗುತ್ತವೆ. ಬೇಡ ಎನ್ನುವುದೇ ನಮ್ಮ ಸಲಹೆ.

ಪ್ರಶ್ನೆ: ಚರ್ಚಿನಲ್ಲಿ ಬೇಸ್ ನುಡಿಸುತ್ತೇನೆ. ಬೇಸ್ ಆಂಪ್‌ನಿಂದ ಮಿಕ್ಸರಿಗೆ ವೈರ್ ಕೊಟ್ಟ ಕೂಡಲೇ ಗುಂಯ್ ಶುರು. ಒಬ್ಬರು ಆಂಪ್‌ನ ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ತೆಗೆದು ಕೊಟ್ಟರು, ಸದ್ದು ನಿಂತಿತು. ಆದರೆ ಹಾಡುವಾಗ ಮೈಕು ತುಟಿಗೆ ತಾಗಿದರೆ ಜುಂ ಅನ್ನುತ್ತದೆ. ಏನು ಕಾರಣ?
— ಬೇಸ್ ವಾದಕ, ಬೀದರ್

ಉತ್ತರ: ಇದನ್ನು ಓದಿದ ಕೂಡಲೇ ಆ ಪ್ಲಗ್ ಕಿತ್ತು ಹೊಸ ಮೂರು ಪಿನ್ ಪ್ಲಗ್ ಹಾಕಿಸಿ. ಅಲ್ಲಿಯವರೆಗೆ ಆ ಆಂಪ್ ಹಚ್ಚಬೇಡಿ. ದಪ್ಪ ಪಿನ್ ಅರ್ಥಿಂಗ್‌ನದು. ಆಂಪ್‌ನ ಒಳಗೆ ಫೇಸ್ ವೈರ್ ಬಾಡಿಗೆ ತಾಗಿದರೆ ಕರೆಂಟನ್ನು ಭೂಮಿಗೆ ಕೊಂಡೊಯ್ದು ಫ್ಯೂಸ್ ಹಾರಿಸುವುದು ಅದರ ಕೆಲಸ. ಅದಿಲ್ಲದಿದ್ದರೆ 230 ವೋಲ್ಟ್ ಬೇಸ್‌ನ ತಂತಿಯ ಮೇಲೆ ಬಂದು ನಿಲ್ಲುತ್ತದೆ. ಬೆರಳು ತಂತಿಯ ಮೇಲೆ, ತುಟಿ ಅರ್ಥ್ ಆದ ಮೈಕಿನ ಮೇಲೆ: ನಡುವಿನ ದಾರಿ ನಿಮ್ಮ ಎದೆ. ಒರೆಸಿದ ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರೆ ಮೈಕೂ ಬೇಕಿಲ್ಲ. ಜುಂ ಎನ್ನುವುದು ಈಗ ಸಣ್ಣ ಸೋರಿಕೆ, ಆದರೆ ಅದೇ ಎಚ್ಚರಿಕೆ.

ಗುಂಯ್‌ಗೆ ನಿಜ ಕಾರಣ ಗ್ರೌಂಡ್ ಲೂಪ್. ಆಂಪ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಮಿಕ್ಸರ್ ದೂರದ ಇನ್ನೊಂದರಲ್ಲಿ ಇದ್ದಾಗ ಎರಡೂ ಕಡೆಯ ಅರ್ಥ್ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸವಿರುತ್ತದೆ. ಸಿಗ್ನಲ್ ಕೇಬಲಿನ ಜಾಲರಿ ಇವೆರಡನ್ನೂ ಸೇರಿಸಿದಾಗ ಅದರಲ್ಲಿ 50 ಹರ್ಟ್ಸ್ ಕರೆಂಟ್ ಹರಿದು ಸ್ವರಕ್ಕೆ ಬೆರೆಯುತ್ತದೆ. ಖರ್ಚಿಲ್ಲದ ಪರಿಹಾರ: ಒಂದು ಗಟ್ಟಿಯಾದ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಆಂಪ್‌ಗೂ ಮಿಕ್ಸರಿಗೂ ಕರೆಂಟ್ ಕೊಡಿ. 6 ಆಂಪಿಯರ್ ಬೋರ್ಡ್ 1,380 ವ್ಯಾಟ್ ತಡೆಯುತ್ತದೆ, ಬೇಸ್ ಆಂಪ್ ಮತ್ತು ಮಿಕ್ಸರಿಗೆ ಸಾಕು. ಆಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಬ್ಬಿ) ತಂದು ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಸಿಗ್ನಲ್‌ನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥಿಂಗ್ ಹಾಗೇ ಉಳಿಯುತ್ತದೆ.

ಜೊತೆಗೆ ಚರ್ಚಿನ ಅರ್ಥಿಂಗ್ ಪರೀಕ್ಷೆಯಾಗಲಿ. ಸಾಕೆಟ್‌ನಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು, ಫೇಸ್‌ನಿಂದ ಅರ್ಥ್‌ಗೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್‌ಗಿಂತ ಕಡಿಮೆ ಬರಬೇಕು. ಫೇಸ್‌ನಿಂದ ಅರ್ಥ್‌ಗೆ 60, 120 ಎಂದು ಅಂಕಿ ಅಲೆದಾಡಿದರೆ ಅರ್ಥ್ ವೈರ್ ಎಲ್ಲೋ ತುಂಡಾಗಿದೆ. ಮೀಟರ್ ಸರಿಯಾದ ಅಂಕಿ ತೋರಿಸಿದರೂ ಅರ್ಥ್ ದುರ್ಬಲವಿರಬಹುದು. ಅದನ್ನು ಎಲೆಕ್ಟ್ರಿಷಿಯನ್ ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ಹಳೆಯ ಬಲ್ಬು ಹಚ್ಚಿ ನೋಡುತ್ತಾರೆ. ಮಂದವಾಗಿ ಉರಿದರೆ ಅರ್ಥ್ ಸಾಲದು. ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಇದ್ದರೆ ಈ ಪರೀಕ್ಷೆಯಲ್ಲಿ ಅದು ಬೀಳುತ್ತದೆ, ಬೀಳಲೇಬೇಕು. ಇಲ್ಲದಿದ್ದರೆ 30 ಮಿಲಿ ಆಂಪಿಯರಿನದೊಂದು ಹಾಕಿಸಿ.

ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಕುಂದುತ್ತದೆ. ಕಲಬುರಗಿ, ಯಾದಗಿರಿಯ ಎರೆಭೂಮಿ ಹಸಿಯಿದ್ದಾಗ ಒಳ್ಳೆಯದು, ಬಿರುಕು ಬಿಟ್ಟಾಗ ಪೈಪಿನಿಂದಲೇ ಬಿಟ್ಟುಕೊಳ್ಳುತ್ತದೆ. ಅರ್ಥಿಂಗ್‌ನ ಭಾರತೀಯ ಮಾನದಂಡ ಐಎಸ್ 3043 ಹೇಳುವ ಪೈಪ್ ಕನಿಷ್ಠ 2.5 ಮೀಟರ್ ಉದ್ದದ್ದು, ಮೇಲೆ ನೀರು ಹಾಕಲು ಆಳಿಕೆ ಇರುವುದು. ಮಾರ್ಚ್‌ನಿಂದ ಮಳೆ ಬೀಳುವ ತನಕ ಅದಕ್ಕೆ ನೀರು ಹಾಕಿಸುವ ಜವಾಬ್ದಾರಿಯನ್ನು ಯಾರಾದರೂ ಒಬ್ಬರು ಹೊತ್ತುಕೊಳ್ಳಲಿ.

ಪ್ರಶ್ನೆ: ಜಾಜ್ ಬೇಸ್ ಮಾದರಿ ತಗೊಂಡೀನಿ. ಎರಡೂ ವಾಲ್ಯೂಮ್ ಫುಲ್ ಇದ್ರ ಗದ್ದಲಿಲ್ಲ, ಒಂದು ಇಳಿಸಿದ್ರ ಗುಂಯ್ ಅಂತದ. ಕೆಟ್ಟದ್ದು ಕೊಟ್ಟಾರೇನು?
— ಯಾದಗಿರಿ

ಉತ್ತರ: ಇಲ್ಲ, ಅದು ಸರಿಯಾಗೇ ಇದೆ. ಎರಡು ಸಿಂಗಲ್ ಕಾಯಿಲ್‌ಗಳು ಒಂದಕ್ಕೊಂದು ತಿರುವುಮುರುವು ಇವೆ. ಎರಡೂ ಸಮ ಇದ್ದಾಗಷ್ಟೇ ಗುಂಯ್ ಕಳೆಯುತ್ತದೆ. ಒಂದೇ ಪಿಕಪ್‌ನ ಸ್ವರ ಬೇಕೆಂದರೆ ಅದೇ ಆಕಾರದ, ಒಳಗೆ ಎರಡು ಸುರುಳಿ ಇರುವ ಪಿಕಪ್ ಸಿಗುತ್ತವೆ. ಪ್ರಿಸಿಷನ್ ಬೇಸ್ ಎಂಬ ಇನ್ನೊಂದು ಮಾದರಿಗೆ 1957ರಿಂದಲೇ ಎರಡು ತುಂಡಿನ ಪಿಕಪ್ ಬಂದದ್ದರಿಂದ ಅದಕ್ಕೆ ಈ ತೊಂದರೆ ಇಲ್ಲ.

ಪ್ರಶ್ನೆ: ಜ್ಯಾಕ್ ಹೊಸದು ಹಾಕಿದ ಮೇಲೆ ತಂತಿ ಮುಟ್ಟಿದರೆ ಗದ್ದಲ ಹೆಚ್ಚಾಗುತ್ತಿದೆ.
— ಆಳಂದ

ಉತ್ತರ: ಎರಡು ವೈರ್ ಅದಲುಬದಲಾಗಿವೆ. ಪ್ಲಗ್‌ನ ಮೂತಿಯನ್ನು ಹಿಡಿಯುವ ಉದ್ದ ನಾಲಿಗೆಗೆ ವಾಲ್ಯೂಮ್ ಪಾಟ್‌ನ ನಡುಗಾಲಿನ ವೈರ್, ಒಳಗಿನ ಉಂಗುರಕ್ಕೆ ಗ್ರೌಂಡ್.

ಪ್ರಶ್ನೆ: ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಝರ್ರ್ ಅನ್ನೋ ಸದ್ದು ವಿಪರೀತ. ಪೆಡಲ್‌ಗಳಿಂದ ಬೇರೆ ಕೀಂ ಎಂದು ಸಿಳ್ಳೆ ಬರುತ್ತದೆ.
— ಶಹಾಪುರ

ಉತ್ತರ: ಎರಡಕ್ಕೂ ಕಾರಣ ಬೇರೆ. ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು; ಅದರಲ್ಲಿ ನುಡಿಸುವಾಗ ಫ್ಯಾನ್ ಕೂಡ ಗುರ್ರ್ ಎನ್ನುತ್ತಿದ್ದರೆ ಖಾತ್ರಿ. ಚೌಕಾಕಾರದ ಅಲೆಯಲ್ಲಿ 50ರ ಜೊತೆ 150, 250, 350 ಹರ್ಟ್ಸ್ ಹೀಗೆ ಮೇಲಿನವೂ ಜೋರಾಗಿರುತ್ತವೆ, ಕಿವಿಗೆ ಅವೇ ಚುಚ್ಚುವುದು. ಗಿಟಾರಿನಲ್ಲಿ ಏನು ಮಾಡಿದರೂ ಇದು ಪೂರ್ತಿ ಹೋಗದು. ಮುಂದಿನ ಸಲ ಬ್ಯಾಟರಿ ಬದಲಿಸುವಾಗ ಸೈನ್ ವೇವ್ ಇನ್ವರ್ಟರನ್ನೇ ತನ್ನಿ. ಅಲ್ಲಿಯವರೆಗೆ ಕರೆಂಟ್ ಹೋದ ಹೊತ್ತಿಗೆ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಆಂಪ್ ಇರಲಿ.

ಸಿಳ್ಳೆ ಡಿಜಿಟಲ್ ಪೆಡಲಿನದು. ಒಂದೇ ಅಡಾಪ್ಟರಿನಿಂದ ಸಾಲಾಗಿ ಎಲ್ಲ ಪೆಡಲಿಗೂ ಕರೆಂಟ್ ಕೊಟ್ಟಿದ್ದೀರಿ. ಡಿಲೇ (ಸ್ವರ ಮರುಕಳಿಸುವ) ಪೆಡಲಿನ ಒಳಗಿನ ಗಡಿಯಾರದ ಸದ್ದು ಆ ವೈರಿನ ಮೂಲಕವೇ ಡಿಸ್ಟಾರ್ಷನ್ (ಸ್ವರ ಒರಟಾಗಿಸುವ) ಪೆಡಲಿಗೆ ಹೋಗಿ ಅಲ್ಲಿ ನೂರಾರು ಪಟ್ಟು ದೊಡ್ಡದಾಗುತ್ತದೆ. ಡಿಸ್ಟಾರ್ಷನ್ ಪೆಡಲನ್ನು 9 ವೋಲ್ಟ್ ಬ್ಯಾಟರಿಯ ಮೇಲೆ ನಡೆಸಿ ನೋಡಿ. ಸಿಳ್ಳೆ ನಿಂತರೆ ಪ್ರತಿ ಔಟ್‌ಪುಟ್ ಬೇರೆ ಬೇರೆ ಇರುವ ಐಸೊಲೇಟೆಡ್ ಪವರ್ ಸಪ್ಲೈ ಬೇಕು, ಇಲ್ಲವೇ ಡಿಜಿಟಲ್ ಪೆಡಲಿಗೆ ಮಾತ್ರ ಪ್ರತ್ಯೇಕ ಅಡಾಪ್ಟರ್. ಹೆಚ್ಚಿನ ಪೆಡಲ್‌ಗಳಿಗೆ ನಡುವೆ ನೆಗೆಟಿವ್ ಇರುವ 9 ವೋಲ್ಟ್ ಡಿಸಿ ಬೇಕು. ಸಿಸಿಟಿವಿಯ 12 ವೋಲ್ಟ್ ಅಡಾಪ್ಟರ್ ನಡುವೆ ಪಾಸಿಟಿವ್. ಅದನ್ನು ಸಿಕ್ಕಿಸಿ ಪೆಡಲ್ ಸುಟ್ಟುಕೊಳ್ಳಬೇಡಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡುವಾಗ ಗದ್ದಲ, ತಂತಿ ಮುಟ್ಟಿದರೆ ಪೂರ್ತಿ ಮಾಯ. ತಂತಿಯಲ್ಲಿ ಸಣ್ಣಗೆ ಜುಮುಜುಮು ಕೂಡ ಇದೆ.
— ಸೇಡಂ

ಉತ್ತರ: ಚಾರ್ಜರ್ ಕಿತ್ತು ಲ್ಯಾಪ್‌ಟಾಪ್‌ನ ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ. ಎರಡೂ ನಿಂತರೆ ನಿಮ್ಮದು ಎರಡು ಪಿನ್ ಚಾರ್ಜರ್, ಅಥವಾ ಮೂರು ಪಿನ್ನಿನದನ್ನು ಅರ್ಥ್ ಇಲ್ಲದ ಸಾಕೆಟ್‌ಗೆ ಹಾಕಿದ್ದೀರಿ. ಚಾರ್ಜರಿನೊಳಗಿನ ಸಣ್ಣ ಕೆಪಾಸಿಟರ್ ಮೂಲಕ ಸೋರುವ ಕರೆಂಟಿನಿಂದ ಲ್ಯಾಪ್‌ಟಾಪ್‌ನ ಬಾಡಿ, ಅದರ ಮೂಲಕ ಗಿಟಾರಿನ ತಂತಿ, ಮೇನ್ಸ್‌ನ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತಿರುತ್ತವೆ. ಕರೆಂಟ್ ಅತ್ಯಲ್ಪ, ಒಳ್ಳೆಯ ಚಾರ್ಜರಿನಲ್ಲಿ ಅರ್ಧ ಮಿಲಿ ಆಂಪಿಯರಿಗಿಂತ ಕಡಿಮೆ. ಲ್ಯಾಪ್‌ಟಾಪ್‌ಗೆ ಹೊಂದುವ ಮೂರು ಪಿನ್ ಚಾರ್ಜರ್, ಅರ್ಥ್ ಇರುವ ಸಾಕೆಟ್, ಅಷ್ಟೇ ಬೇಕು. ಅಗ್ಗದ ನಕಲಿ ಚಾರ್ಜರ್ ಆಗಿದ್ದರೆ ಇವತ್ತೇ ಎಸೆಯಿರಿ.

ಪ್ರಶ್ನೆ: ಮದುವೆ, ಜಾತ್ರೆ ಆರ್ಕೆಸ್ಟ್ರಾದಾಗ ಜನರೇಟರ್ ಮ್ಯಾಲೆ ನುಡಸ್ತೀವ್ರಿ. ಸೀರಿಯಲ್ ಲೈಟು ಹಚ್ಚಿದ್ರ ಸಾಕು, ಲೀಡ್ ಗಿಟಾರ್ ಬೊಬ್ಬಿ ಹೊಡಿತದ. ನಾಯ್ಸ್ ಗೇಟ್ ಹಾಕಿದ್ರ ಆಗ್ತದೇನ್ರಿ?
— ಆರ್ಕೆಸ್ಟ್ರಾ ತಂಡ, ಬಸವಕಲ್ಯಾಣ

ಉತ್ತರ: ಗೇಟಿಗಿಂತ ಮೊದಲು ಲೈನ್ ಬೇರೆ ಮಾಡಿಸಿ. ಮಿಣುಕು ದೀಪಗಳ ಕಂಟ್ರೋಲರ್ ಟ್ರಯಾಕ್ ಮೇಲೆ ನಡೆಯುವುದು, ಫ್ಯಾನ್ ರೆಗ್ಯುಲೇಟರಿನ ಗದ್ದಲವೇ ಇಲ್ಲಿ ನೂರು ದೀಪಕ್ಕೆ ಬರುತ್ತದೆ. ಜನರೇಟರಿನ ಬೋರ್ಡಿನಿಂದಲೇ ಸೌಂಡಿಗೆ ಒಂದು ವೈರ್, ಲೈಟಿಗೆ ಇನ್ನೊಂದು ವೈರ್ ಎಳೆಯಬೇಕು. ಮೂರು ಫೇಸಿನ ಜನರೇಟರ್ ಆದರೆ ಎರಡಕ್ಕೂ ಬೇರೆ ಫೇಸ್. ಜನರೇಟರಿನ ಬಾಡಿಗೆ ಅರ್ಥ್ ಸಲಾಕೆ ಹೂಳಿದ್ದಾರೋ ನೋಡಿ, ಹೂಳದಿದ್ದರೆ ಕಾರ್ಯಕ್ರಮ ಶುರು ಮಾಡಬೇಡಿ. ಗಿಟಾರ್ ಕೇಬಲನ್ನು ಕರೆಂಟಿನ ವೈರಿನ ಜೊತೆ ಸುತ್ತಿ ಒಯ್ಯಬಾರದು. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ. ಕೇಬಲ್ 6 ಮೀಟರಿಗಿಂತ ಉದ್ದ ಬೇಡ, ಉಳಿದದ್ದನ್ನು ಆಂಪ್‌ನ ಹಿಂದೆ ಸುರುಳಿ ಮಾಡಿ ಇಡಬೇಡಿ.

ಇವೆಲ್ಲ ಆದ ಮೇಲೆ ಗೇಟ್ ಉಪಯೋಗಕ್ಕೆ ಬರುತ್ತದೆ. ಅದು ನುಡಿಸದಿರುವಾಗ ಬಾಗಿಲು ಮುಚ್ಚುತ್ತದೆ, ನುಡಿಸುವಾಗ ಗದ್ದಲವೂ ಸ್ವರದ ಜೊತೆ ಹೊರಗೆ ಬರುತ್ತದೆ. ಡಿಸ್ಟಾರ್ಷನ್ ಆದ ಮೇಲೆ, ಡಿಲೇಗಿಂತ ಮೊದಲು ಅದನ್ನು ಇಡಿ. ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ಥ್ರೆಶೋಲ್ಡ್ ಗುಂಡಿಯನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುತ್ತ ಬನ್ನಿ, ಗದ್ದಲ ನಿಂತ ಜಾಗದಿಂದ ಕೂದಲೆಳೆಯಷ್ಟು ಮುಂದೆ ನಿಲ್ಲಿಸಿ. ಆಮೇಲೆ ಒಂದು ಸ್ವರ ಎಳೆದು ಅದು ಆರುವ ತನಕ ಕೇಳಿ. ಬಾಲ ತಟ್ಟನೆ ತುಂಡಾದರೆ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ.